ಆಡುವ ಕೈಗೆ ಹಾಡು ಓಗೊಡುವುದು ಯಾವಾಗ?

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಈಚೆಗೆ ಅವಳಿಗೆ ಸಂಗೀತದ ವಿಡಿಯೋ ಗೇಮ್‌ಗಳ ಗೀಳು ಹತ್ತಿದೆ. ಪರದೆಯ ಮೇಲಿನಿಂದ ಇಳಿದುಬರುವ ಗುರುತುಗಳನ್ನು ಹಾಡಿನ ಲಯಕ್ಕೆ ಸರಿಯಾಗಿ ಒತ್ತುವಂಥ ಆಟಗಳು. ಮನೆಯಲ್ಲಿ ಯಾರೂ ಕೇಳಿರದ ಇಂಗ್ಲಿಷ್, ಜಪಾನೀ ಹಾಡುಗಳನ್ನು ಗುನುಗುತ್ತಿರುತ್ತಾಳೆ. ಇದು ಬೆರಳಿನ ಚುರುಕೇ ಹೊರತು ಸಂಗೀತವಲ್ಲ, ಇದರಿಂದ ಲಯಜ್ಞಾನವೂ ಕೆಡಬಹುದು ಎಂದು ಅವಳ ಗುರುಗಳು ಹೇಳುತ್ತಾರೆ. ಈ ಆಟಗಳು ಆಡುವವರನ್ನು ನಿಜವಾಗಿಯೂ ಸಂಗೀತಕ್ಕೆ ಹತ್ತಿರ ತರುತ್ತವೆಯೇ?

ಉತ್ತರ: ಈ ಆಟಗಳು ನೋಡಲು ಒಂದೇ ಬಗೆಯವು ಎನಿಸಿದರೂ ಹಾಡಿಗೂ ಆಟಗಾರರಿಗೂ ಅವು ಕಲ್ಪಿಸುವ ಸಂಬಂಧ ಒಂದೇ ಅಲ್ಲ. ಕೆಲವು ಆಟಗಳಲ್ಲಿ ಹಾಡು ತನ್ನ ಪಾಡಿಗೆ ತಾನು ಸಾಗುತ್ತಿರುತ್ತದೆ. ನೀವು ಸರಿಯಾಗಿ ಒತ್ತಿದರೂ ತಪ್ಪಿದರೂ ಅದರಲ್ಲಿ ಒಂದು ಸ್ವರವೂ ಬದಲಾಗುವುದಿಲ್ಲ, ಬದಲಾಗುವುದು ಪರದೆಯ ಮೂಲೆಯಲ್ಲಿರುವ ಅಂಕ ಮಾತ್ರ. ಇನ್ನು ಕೆಲವು ಆಟಗಳಲ್ಲಿ ಹಾಡಿನ ಒಂದು ಎಳೆಯನ್ನೇ ಆಟಗಾರರ ಕೈಗೆ ಕೊಟ್ಟಿರುತ್ತಾರೆ; ಕೈ ತಪ್ಪಿದ ಕ್ಷಣ ಆ ಎಳೆ ಕೇಳಿಸುವುದು ನಿಂತುಹೋಗುತ್ತದೆ. ನಿಮ್ಮ ಪ್ರಶ್ನೆಯ ಉತ್ತರವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ ಎಂಬುದು ನನ್ನ ಅಭಿಪ್ರಾಯ. ಮಗಳು ಯಾವ ಆಟವಾಡುತ್ತಾಳೆಂದು ನೀವು ಬರೆದಿಲ್ಲವಾದ್ದರಿಂದ, ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಮೊದಲು ಹೇಳಿಬಿಡುತ್ತೇನೆ. ಅವಳಿಗೆ ಅಷ್ಟಾಗಿ ಅಭ್ಯಾಸವಿಲ್ಲದ ಒಂದು ಹಾಡನ್ನು ಒಮ್ಮೆ ಧ್ವನಿಯೊಂದಿಗೆ, ಮತ್ತೊಮ್ಮೆ ಧ್ವನಿಯನ್ನು ಪೂರ್ತಿ ಆರಿಸಿ ಆಡಲು ಹೇಳಿ. ಎರಡೂ ಸಲ ಹೆಚ್ಚುಕಡಿಮೆ ಒಂದೇ ಅಂಕ ಬಂದರೆ ಅವಳು ಆಡುತ್ತಿರುವುದು ಕಣ್ಣಿನಿಂದ; ಎರಡನೆಯ ಸಲ ಅಂಕ ಚೆನ್ನಾಗಿ ಇಳಿದರೆ ಕಿವಿಯೂ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು.

ಈ ಪ್ರಕಾರದ ಆಟಗಳು ನೆಲೆಗೊಂಡಿದ್ದು ಜಪಾನಿನಲ್ಲಿ. 1996ರ ಕೊನೆಯಲ್ಲಿ, ಸ್ವತಃ ಸಂಗೀತಗಾರರಾದ ಮಸಾಯ ಮತ್ಸುಉರ ಅವರು ಪ್ಲೇಸ್ಟೇಷನ್ ಯಂತ್ರಕ್ಕೆ ‘ಪಾರಪ್ಪ ದ ರ‍್ಯಾಪರ್’ ಎಂಬ ಆಟವನ್ನು ತಂದರು. (ಹೆಸರು ಕೇಳಿ ಅವನು ನಮ್ಮ ಕಡೆಯವನೆಂದು ತಿಳಿಯಬೇಡಿ, ಕಥಾನಾಯಕ ಪಾರಪ್ಪ ಕಾಗದದಷ್ಟು ತೆಳ್ಳಗಿರುವ ಒಂದು ನಾಯಿ.) ಅದರಲ್ಲಿ ಗುರು ಒಂದು ಸಾಲನ್ನು ಲಯಬದ್ಧವಾಗಿ ಹೇಳುತ್ತಾನೆ, ಆಟಗಾರ ಗುಂಡಿಗಳನ್ನು ಒತ್ತಿ ಅದನ್ನು ಪಾರಪ್ಪನ ಬಾಯಿಂದ ಮರಳಿ ಹೇಳಿಸಬೇಕು. ಗುಂಡಿ ಒತ್ತಿದಾಗಲೇ ಪದ ಹೊರಡುವುದರಿಂದ, ಒತ್ತುವುದು ತಡವಾದರೆ ಪದವೂ ತಡವಾಗಿ ಬಂದು ಹಾಸ್ಯಾಸ್ಪದವಾಗಿ ಕೇಳಿಸುತ್ತದೆ. ಮುಂದಿನ ವರ್ಷ ಕೊನಾಮಿ ಕಂಪನಿ ಆಟದಂಗಡಿಗಳಿಗೆ ತಂದ ‘ಬೀಟ್‌ಮೇನಿಯಾ’ದಲ್ಲಿ ಐದು ಕೀಲಿಗಳೂ ಡಿಜೆಗಳು ಬಳಸುವಂಥ ಒಂದು ತಿರುಗುತಟ್ಟೆಯೂ ಇದ್ದವು. ಅಲ್ಲಿ ಪ್ರತಿಯೊಂದು ಗುರುತಿಗೂ ಹಾಡಿನ ಒಂದೊಂದು ತುಣುಕು ಶಬ್ದವನ್ನು ಕಟ್ಟಿರುತ್ತಾರೆ. ಆಟಗಾರ ಒತ್ತದಿದ್ದರೆ ಆ ತುಣುಕು ಮೊಳಗುವುದೇ ಇಲ್ಲ. ಬಾರದ ಕೈಯಿಂದ ಹಾಡು ತೂತುತೂತಾಗಿ ಹೊರಡುತ್ತದೆ. ಅಂಕದ ಕಡೆ ನೋಡದೆಯೇ ಆಟಗಾರನಿಗೆ ತನ್ನ ತಪ್ಪು ಕೇಳಿಸುತ್ತದೆ. ಸಂಗೀತದ ಪಾಠದಲ್ಲೂ ತಿದ್ದುವಿಕೆ ಬರುವುದು ಇದೇ ದಾರಿಯಿಂದ ಎಂಬುದನ್ನು ನಿಮ್ಮ ಗುರುಗಳು ಒಪ್ಪಿಯಾರು.

ಈ ತತ್ವವನ್ನು ಜಗತ್ತಿನ ಮನೆಮನೆಗೆ ಒಯ್ದದ್ದು 2005ರಲ್ಲಿ ಬಂದ ‘ಗಿಟಾರ್ ಹೀರೋ’. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಕಲಿತ ಅಲೆಕ್ಸ್ ರಿಗೋಪುಲೊಸ್ ಮತ್ತು ಎರಾನ್ ಎಗೋಜಿ 1995ರಲ್ಲಿ ಸ್ಥಾಪಿಸಿದ ಹಾರ್ಮೋನಿಕ್ಸ್ ಸಂಸ್ಥೆ ಆಟವನ್ನು ರೂಪಿಸಿತು. ಗಿಟಾರಿನ ಆಕಾರದ, ಐದು ಬಣ್ಣದ ಗುಂಡಿಗಳೂ ಮೀಟಲು ಒಂದು ಪಟ್ಟಿಯೂ ಇದ್ದ ಪ್ಲಾಸ್ಟಿಕ್ ಸಾಧನವನ್ನು ರೆಡ್‌ಆಕ್ಟೇನ್ ಸಂಸ್ಥೆ ತಯಾರಿಸಿತು. ಹಾಡಿನ ಗಿಟಾರ್ ಭಾಗವನ್ನು ಒಂದು ಟ್ರ್ಯಾಕ್‌ನಲ್ಲೂ (ಬಿಡಿಯಾದ ಧ್ವನಿಪಟ್ಟಿ) ಉಳಿದ ವಾದ್ಯಗಳನ್ನೂ ಗಾಯನವನ್ನೂ ಬೇರೆ ಟ್ರ್ಯಾಕ್‌ನಲ್ಲೂ ಇಟ್ಟು ಎರಡನ್ನೂ ಒಟ್ಟಿಗೆ ನುಡಿಸುವುದು ಈ ಆಟದ ಮೂಲ ಏರ್ಪಾಡು. ಆಟಗಾರ ಒಂದು ಗುರುತನ್ನು ಬಿಟ್ಟೊಡನೆ ಗಿಟಾರ್ ಟ್ರ್ಯಾಕ್‌ನ ಸದ್ದು ತಗ್ಗಿಹೋಗುತ್ತದೆ, ಮುಂದಿನ ಗುರುತನ್ನು ಹಿಡಿದಾಗ ಮರಳಿ ಬರುತ್ತದೆ. ಸಾವಿರ ಸಲ ರೇಡಿಯೋದಲ್ಲಿ ಕೇಳಿದ ಹಾಡಿನಲ್ಲೂ ಗಿಟಾರ್ ಎಲ್ಲಿ ನುಡಿಯುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂಬುದನ್ನು ಸಾಮಾನ್ಯ ಕೇಳುಗರು ಗಮನಿಸಿರುವುದಿಲ್ಲ. ಅದು ತಮ್ಮ ಕೈಯಿಂದಲೇ ಮಾಯವಾಗಿ ತಮ್ಮ ಕೈಯಿಂದಲೇ ಮರಳುವುದನ್ನು ಒಂದು ಗಂಟೆ ಅನುಭವಿಸಿದವರಿಗೆ ಆಮೇಲೆ ಅದನ್ನು ಗಮನಿಸದಿರಲು ಸಾಧ್ಯವಾಗುವುದಿಲ್ಲ. 2007ರಲ್ಲಿ ಅದೇ ಹಾರ್ಮೋನಿಕ್ಸ್ ತಂದ ‘ರಾಕ್ ಬ್ಯಾಂಡ್’ನಲ್ಲಿ ಗಿಟಾರ್, ಬೇಸ್, ಡ್ರಮ್ಸ್, ಗಾಯನ ಹೀಗೆ ನಾಲ್ಕು ಜನ ನಾಲ್ಕು ಎಳೆಗಳನ್ನು ಹಂಚಿಕೊಂಡರು. ಈ ನಾಲ್ಕರಲ್ಲಿ ಅತಿ ದೊಡ್ಡ ಲಾಭ ಬೇಸ್ ಹಿಡಿದವರದ್ದು ಎನ್ನುತ್ತೇನೆ, ಏಕೆಂದರೆ ಹಾಡಿನ ತಳದಲ್ಲಿರುವ ಆ ಎಳೆ ಇದೆ ಎಂಬುದೇ ಎಷ್ಟೋ ಕೇಳುಗರಿಗೆ ಗೊತ್ತಿರುವುದಿಲ್ಲ.

ಇಂಥ ಆಟ ಕಟ್ಟಲು ಹಾಡಿನ ಎಳೆಗಳು ಬಿಡಿಬಿಡಿಯಾಗಿ ಸಿಗಬೇಕು. ಅಂಗಡಿಯಲ್ಲಿ ಸಿಗುವ ಮುದ್ರಿಕೆಯಲ್ಲಿ ಎಲ್ಲವೂ ಬೆರೆತಿರುವುದರಿಂದ ಅದು ಉಪಯೋಗಕ್ಕೆ ಬಾರದು. ಸ್ಟುಡಿಯೋದ ಮೂಲ ಟೇಪುಗಳೇ ಬೇಕು. ಮೊದಲ ‘ಗಿಟಾರ್ ಹೀರೋ’ದ ಹೆಚ್ಚಿನ ಹಾಡುಗಳು ಮೂಲ ಧ್ವನಿಮುದ್ರಿಕೆಗಳಾಗಿರಲಿಲ್ಲ, ಬೇರೆ ವಾದ್ಯಗಾರರಿಂದ ಹೊಸದಾಗಿ ನುಡಿಸಿ ಹಾಡಿಸಿದವು. ಸೆಕ್ಸ್ ಪಿಸ್ಟಲ್ಸ್ ಎಂಬ ಇಂಗ್ಲೆಂಡಿನ ರಾಕ್ ತಂಡದ ಪ್ರಸಿದ್ಧ ಹಾಡೊಂದರ ಮೂಲ ಟೇಪುಗಳು ಸಿಗದೆ ಹೋದಾಗ 2007ರಲ್ಲಿ ಆ ತಂಡದವರು ಈ ಸರಣಿಯ ಮೂರನೆಯ ಆಟಕ್ಕಾಗಿಯೇ ಅದನ್ನು ಮತ್ತೆ ಧ್ವನಿಮುದ್ರಿಸಿಕೊಟ್ಟರು. 2009ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ, ‘ರಾಕ್ ಬ್ಯಾಂಡ್’ನ ಬೀಟಲ್ಸ್ ಆವೃತ್ತಿಯ ಕೆಲಸ ಇದಕ್ಕಿಂತ ಕಠಿಣವಾಗಿತ್ತು. ಆ ತಂಡದ ಮೊದಲ ಎರಡು ಆಲ್ಬಮ್‌ಗಳು ಎರಡೇ ಟ್ರ್ಯಾಕ್‌ಗಳ ಟೇಪಿನಲ್ಲಿ ಮುದ್ರಿತವಾಗಿದ್ದವು. ಡ್ರಮ್ಸ್, ಬೇಸ್, ಗಿಟಾರ್‌ಗಳು ಒಂದೇ ಟ್ರ್ಯಾಕ್‌ನಲ್ಲಿ ಬೆರೆತುಹೋಗಿದ್ದವು. ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಆಟದ ಧ್ವನಿಕಾರ್ಯದ ಹೊಣೆ ಹೊತ್ತು, ತಂತ್ರಾಂಶದ ನೆರವಿನಿಂದ ಆವರ್ತನಗಳನ್ನು ಸೋಸಿ, ಬೆರೆತ ವಾದ್ಯಗಳನ್ನು ಬೇರ್ಪಡಿಸುವ ಕೆಲಸ ಮಾಡಿಸಿದರು. ಕನ್ನಡದ ಹಳೆಯ ಚಿತ್ರಗೀತೆಗಳ ಮೇಲೆ ಇಂಥ ಆಟ ಯಾಕಿಲ್ಲ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲೇ ಇದೆ: ಗಾಯಕರೂ ವಾದ್ಯವೃಂದವೂ ಒಟ್ಟಿಗೆ ಕುಳಿತು ಮೋನೋದಲ್ಲಿ, ಅಂದರೆ ಒಂದೇ ಟ್ರ್ಯಾಕ್‌ನಲ್ಲಿ, ಮುದ್ರಿಸಿದ ಹಾಡುಗಳಲ್ಲಿ ಬಿಡಿ ಎಳೆ ಎಂಬುದೇ ಇರಲಿಲ್ಲ. ಈಗ ಬೆರೆತ ಮುದ್ರಿಕೆಯಿಂದಲೇ ಗಾಯನ, ಡ್ರಮ್ಸ್, ಬೇಸ್‌ಗಳನ್ನು ಬೇರ್ಪಡಿಸುವ ತಂತ್ರಾಂಶಗಳು ಬಂದಿವೆ. 2019ರಲ್ಲಿ, ಇಂಟರ್ನೆಟ್ಟಿನಲ್ಲಿ ಹಾಡು ಕೇಳಿಸುವ ಡೀಜರ್ ಕಂಪನಿ ‘ಸ್ಪ್ಲೀಟರ್’ ಎಂಬುದನ್ನು ಎಲ್ಲರ ಬಳಕೆಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಉಳಿದ ಭಾಗ ಹಕ್ಕುಗಳದ್ದು ಮತ್ತು ಮಾರುಕಟ್ಟೆಯದ್ದು, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಈ ಆಟಗಳ ಇನ್ನೊಂದು ಗುಣ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಒಂದು ಹಾಡಿಗೆ ಯಾವ ಗುರುತುಗಳು ಎಲ್ಲಿ ಬರಬೇಕೆಂಬ ನಕ್ಷೆಯನ್ನು ಆಟಗಾರರು ಚಾರ್ಟ್ ಎನ್ನುತ್ತಾರೆ. ‘ಗಿಟಾರ್ ಹೀರೋ’ದಲ್ಲಿ ಒಂದೇ ಹಾಡಿಗೆ ನಾಲ್ಕು ಹಂತದ ಚಾರ್ಟ್‌ಗಳಿದ್ದವು; ಅತಿ ಸುಲಭದ ಹಂತದಲ್ಲಿ ಮೂರೇ ಗುಂಡಿಗಳು, ಮಧ್ಯಮದಲ್ಲಿ ನಾಲ್ಕು, ಮೇಲಿನ ಎರಡರಲ್ಲಿ ಐದೂ ಗುಂಡಿಗಳು. ಸುಲಭದ ಚಾರ್ಟ್ ಮಾಡುವವರು ಗಿಟಾರ್ ಭಾಗದಿಂದ ಸ್ವರಗಳನ್ನು ಕಿತ್ತುಹಾಕಬೇಕು, ಆದರೆ ಉಳಿದದ್ದು ಅದೇ ಹಾಡೆಂದು ಅನಿಸುತ್ತಿರಬೇಕು. ಹಾಗಾಗಿ ಅವರು ಒತ್ತು ಬೀಳುವ ಜಾಗಗಳನ್ನೂ ಸ್ವರಸಂಚಾರ ತಿರುಗುವ ಜಾಗಗಳನ್ನೂ ಉಳಿಸಿಕೊಂಡು ನಡುವಿನ ತುಂಬುಸ್ವರಗಳನ್ನು ಬಿಡುತ್ತಾರೆ. ಸುಲಭದಿಂದ ಕಠಿಣಕ್ಕೆ ಏರುತ್ತ ಹೋದ ಆಟಗಾರ, ಹೆಸರಿಡಲು ಬಾರದಿದ್ದರೂ, ಹಾಡಿನ ಎಲುಬುಗೂಡು ಯಾವುದು, ಅದರ ಮೇಲಿನ ಅಲಂಕಾರ ಯಾವುದು ಎಂಬುದನ್ನು ಕೈಯಿಂದಲೇ ತಿಳಿದುಕೊಂಡಿರುತ್ತಾನೆ. ಐದು ಗುಂಡಿಗಳಿಗೆ ಹನ್ನೆರಡು ಸ್ವರಸ್ಥಾನಗಳನ್ನು ಹೇಳಲು ಬರುವುದಿಲ್ಲ, ನಿಜ. ಸ್ವರ ಏರಿತೇ ಇಳಿಯಿತೇ ಎಂಬುದನ್ನು ಸ್ಥೂಲವಾಗಿ ಹೇಳಲು ಬರುತ್ತದೆ. ಆ ಮಿತಿಯೊಳಗೆ ಇದನ್ನು ಹಾಡಿನ ವಿಶ್ಲೇಷಣೆ ಎಂದೇ ನಾನು ಪರಿಗಣಿಸುತ್ತೇನೆ.

ಹಾಗೆಂದು ಪ್ಲಾಸ್ಟಿಕ್ ಗಿಟಾರ್ ನುಡಿಸಿದವರಿಗೆ ಗಿಟಾರ್ ಬರುವುದಿಲ್ಲ. ತಂತಿಯ ಮೇಲೆ ಬೆರಳು ಊರುವ ಕಷ್ಟದ ಹತ್ತರಲ್ಲೊಂದೂ ಅದರಲ್ಲಿಲ್ಲ. ಡ್ರಮ್ಸ್ ವಿಷಯ ಬೇರೆ. ನಾಲ್ಕು ಪ್ಯಾಡು, ಒಂದು ಪೆಡಲ್ ಇರುವ ‘ರಾಕ್ ಬ್ಯಾಂಡ್’ ಡ್ರಮ್ಸ್‌ನ ಮೇಲಿನ ಹಂತಗಳಲ್ಲಿ ಎರಡು ಕೈಗೂ ಒಂದು ಕಾಲಿಗೂ ಬೇಕಾಗುವ ಹೊಂದಾಣಿಕೆ ನಿಜವಾದ ಡ್ರಮ್ಸ್‌ನ ಹೊಂದಾಣಿಕೆಗೆ ಬಹಳ ಹತ್ತಿರ. ವಾದ್ಯವನ್ನೇ ಕಲಿಯಬೇಕೆನ್ನುವವರಿಗೆ ಯೂಬಿಸಾಫ್ಟ್ 2011ರಲ್ಲಿ ತಂದ ‘ರಾಕ್‌ಸ್ಮಿತ್’ ಇದೆ. ಅದರಲ್ಲಿ ನಿಜವಾದ ಎಲೆಕ್ಟ್ರಿಕ್ ಗಿಟಾರನ್ನೇ ಕೇಬಲ್ ಮೂಲಕ ಜೋಡಿಸಿ ಆಡಬೇಕು.

ಇನ್ನು ಹಾಡು ಓಗೊಡದ ಆಟಗಳ ಮಾತು. 1998ರ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ನಲ್ಲಿ ನಾಲ್ಕು ಬಾಣದ ಗುರುತುಗಳ ಮೇಲೆ ಕಾಲಿಟ್ಟು ಕುಣಿಯಬೇಕು, ತಪ್ಪಿದರೂ ಹಾಡು ಮುಂದುವರಿಯುತ್ತದೆ, ಆದರೆ ಇಡೀ ದೇಹದ ಭಾರ ಲಯದ ಮೇಲೆ ಬೀಳುವುದರಿಂದ ಲಯ ದೇಹಕ್ಕೆ ಇಳಿಯುತ್ತದೆ. ಪ್ರಾಗ್ ನಗರದ ತಂಡವೊಂದು 2018ರಲ್ಲಿ ತಂದ ‘ಬೀಟ್ ಸೇಬರ್’ ಈಗ ಬಹಳ ಜನಪ್ರಿಯ. ಸುತ್ತಲೂ ಕೃತಕ ದೃಶ್ಯಲೋಕವನ್ನು ತೋರಿಸುವ ವಿಆರ್ ಸಾಧನವನ್ನು ಕಣ್ಣಿಗೆ ಕಟ್ಟಿಕೊಂಡು, ಎದುರಿಗೆ ಬರುವ ಚೌಕಗಳನ್ನು ಎರಡು ಬೆಳಕಿನ ಕತ್ತಿಗಳಿಂದ ಕಡಿಯುವ ಆಟ ಅದು. ಲಯದ ಆಟವೆಂದೇ ಅದು ಹೆಸರಾಗಿದ್ದರೂ ಒಂದು ಚೌಕಕ್ಕೆ ಸಿಗುವ ಗರಿಷ್ಠ 115 ಅಂಕಗಳಲ್ಲಿ ಸಮಯಪಾಲನೆಗೆಂದು ಇಟ್ಟದ್ದು ಒಂದೂ ಇಲ್ಲ. ಅಂಕ ಬರುವುದು ಕೈ ಎಷ್ಟು ಅಗಲವಾಗಿ ಬೀಸಿತು, ಕಡಿತ ಚೌಕದ ನಡುವೆ ಬಿತ್ತೇ ಎಂಬುದರ ಮೇಲೆ. ವ್ಯಾಯಾಮವಾಗಿ ಅದು ಚೆನ್ನ, ನೃತ್ಯವಾಗಿಯೂ ಚೆನ್ನ. ಲಯದ ನಿಖರತೆಯ ಪಾಠವೆಂದು ಮಾತ್ರ ಅದನ್ನು ತಿಳಿಯಬೇಡಿ.

ಹಾಡನ್ನೇ ಆಟಗಾರನಿಗೆ ಬಗ್ಗಿಸುವ ಪ್ರಯೋಗಗಳೂ ನಡೆದಿವೆ. ತೆತ್ಸುಯ ಮಿಜುಗುಚಿ ಅವರ ‘ರೆಜ್’ (2001) ಆಟದಲ್ಲಿ ನೀವು ಗುಂಡು ಹಾರಿಸಿದ ಸದ್ದನ್ನು ಯಂತ್ರ ಲಯದ ಸಮೀಪದ ಬಿಂದುವಿಗೆ ಸರಿಸಿ ಕೇಳಿಸುತ್ತದೆ, ಆದ್ದರಿಂದ ಎಂಥ ಒರಟು ಆಟವೂ ಸಂಗೀತದಂತೆ ಕೇಳುತ್ತದೆ. ಸುಖವೇನೋ ಅಪಾರ, ತಿದ್ದುವಿಕೆ ಇಲ್ಲ. ಪಾರಪ್ಪನನ್ನು ಸೃಷ್ಟಿಸಿದ ತಂಡದ್ದೇ ಆದ ‘ವಿಬ್-ರಿಬ್ಬನ್’ (1999) ನೀವು ಹಾಕಿದ ಯಾವುದೇ ಹಾಡಿನ ಸಿಡಿಯನ್ನು ಓದಿ, ಆ ಹಾಡಿಗೆ ತಕ್ಕಂತೆ ಅಡೆತಡೆಗಳ ದಾರಿಯನ್ನು ತಾನೇ ಹೆಣೆಯುತ್ತಿತ್ತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ಮೊದಲ ಬಾರಿಗೆ ಆರಿಸಿಕೊಂಡ ವಿಡಿಯೋ ಗೇಮ್‌ಗಳಲ್ಲಿ ಇದೂ ಒಂದು. ಆದರೆ ಸಂಗೀತ ಕಲಿಯುವ ಮಗುವಿಗೆ ಒಂದನ್ನೇ ಸೂಚಿಸಿ ಎಂದರೆ ನಾನು ಹೇಳುವುದು ನಿಂಟೆಂಡೋದ ‘ರಿದಮ್ ಹೆವನ್’ ಸರಣಿಯನ್ನು. ಜಪಾನಿನ ಸಂಗೀತ ನಿರ್ಮಾಪಕ ತ್ಸುಂಕು ಅವರ ಸಹಯೋಗದಲ್ಲಿ 2006ರಲ್ಲಿ ಆರಂಭವಾದ ಈ ಸರಣಿಯಲ್ಲಿ ಇಳಿದುಬರುವ ಗುರುತುಗಳ ಸಾಲು ಇಲ್ಲ. ಯಾವಾಗ ಒತ್ತಬೇಕೆಂಬ ಸೂಚನೆ ಬರುವುದು ಶಬ್ದದಲ್ಲಿ. ಎಷ್ಟೋ ಕಡೆ ಪರದೆಯ ಚಿತ್ರವನ್ನು ಬೇಕೆಂದೇ ಮರೆಮಾಡುತ್ತಾರೆ ಇಲ್ಲವೇ ಗಮನ ತಪ್ಪಿಸಲು ಬಳಸುತ್ತಾರೆ, ಕಣ್ಣು ಮುಚ್ಚಿಕೊಂಡವರೇ ಅಲ್ಲಿ ಚೆನ್ನಾಗಿ ಆಡುತ್ತಾರೆ.

ಈಗ ಗುರುಗಳ ಆಕ್ಷೇಪಕ್ಕೆ ಬರೋಣ. ಲಯ ಕೆಡುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಈ ಆಟಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಚಿತ್ರಗಳಂತೆ ಓಡುತ್ತವೆ, ಅಂದರೆ ಒಂದು ಚಿತ್ರದ ಅವಧಿ ಸುಮಾರು 17 ಮಿಲಿಸೆಕೆಂಡು. ‘ಬೀಟ್‌ಮೇನಿಯಾ’ ಬಗೆಯ ಆಟಗಳಲ್ಲಿ ಅತ್ಯುತ್ತಮ ಶ್ರೇಣಿ ಸಿಗಬೇಕಾದರೆ ಸ್ಥೂಲವಾಗಿ ಅಷ್ಟೇ ಅಂತರದೊಳಗೆ ಕೈ ಬೀಳಬೇಕು. ಅಷ್ಟು ಬಿಗಿಯಾದ ಕಾಲಪ್ರಮಾಣವನ್ನು ದಿನವೂ ಅಭ್ಯಾಸ ಮಾಡುವ ಕೈ ಕೆಡಲು ಕಾರಣವಿಲ್ಲ. ಆದರೆ ಅವರ ಆತಂಕದಲ್ಲಿ ಒಂದು ಮುಖ್ಯವಾದ ಸತ್ಯ ಅಡಗಿದೆ: ಆಟ ಕಲಿಸುವುದು ನಡೆಯನ್ನು, ಆವರ್ತವನ್ನಲ್ಲ, ಅಂದರೆ ತಾಳದ ಪೂರ್ತಿ ಸುತ್ತನ್ನಲ್ಲ. ಆದಿತಾಳದ ಎಂಟು ಅಕ್ಷರಗಳನ್ನು ಪೆಟ್ಟು, ಬೆರಳೆಣಿಕೆ, ಹುಸಿಗಳಿಂದ ಹಾಕುತ್ತ ಹಾಡುವ ವಿದ್ಯಾರ್ಥಿಗೆ ತಾನು ತಾಳದ ಅಂಗಗಳಾದ ಲಘುವಿನಲ್ಲಿದ್ದೇನೆಯೇ ದ್ರುತದಲ್ಲಿದ್ದೇನೆಯೇ, ಸಮಕ್ಕೆ, ಅಂದರೆ ಸುತ್ತಿನ ಮೊದಲ ಪೆಟ್ಟಿಗೆ, ಇನ್ನೆಷ್ಟು ದೂರ ಎಂಬುದು ಸದಾ ಗೊತ್ತಿರುತ್ತದೆ. ಅನಾಗತದಲ್ಲಿ, ಅಂದರೆ ಸಮ ದಾಟಿದ ಮೇಲೆ, ಎತ್ತುಗಡೆಯಿರುವ ಕೃತಿಯನ್ನು ಅವಳು ಹಿಡಿಯುವುದು ಆ ಅರಿವಿನಿಂದಲೇ. ಆಟದ ಪರದೆಯಾದರೋ ಮುಂದಿನ ಒಂದೆರಡು ಸೆಕೆಂಡಿನಲ್ಲಿ ಬರುವ ಪೆಟ್ಟುಗಳನ್ನು ತೋರಿಸುತ್ತದೆಯೇ ಹೊರತು, ಸುತ್ತಿನಲ್ಲಿ ಅವುಗಳ ಸ್ಥಾನವನ್ನು ಕೇಳುವುದೇ ಇಲ್ಲ. ಹಾಗಾಗಿ ಮಗಳು ಒಂದು ಹಾಡನ್ನು ಆಡಿ ಮುಗಿಸಿದ ಮೇಲೆ ಅದನ್ನೇ ಮತ್ತೆ ಕೇಳಿಸಿ, ಈ ಸಲ ಗುಂಡಿಯ ಬದಲು ತೊಡೆಯ ಮೇಲೆ ತಾಳ ಹಾಕಲು ಹೇಳಿ. ಸುತ್ತು ಎಲ್ಲಿ ಶುರುವಾಗುತ್ತದೆ, ಹಾಡು ಅದಕ್ಕಿಂತ ಮುಂಚೆ ಎತ್ತಿಕೊಳ್ಳುತ್ತದೆಯೇ ಆಮೇಲೆಯೇ ಎಂಬುದನ್ನು ಅವಳೇ ಕಂಡುಹಿಡಿಯಲಿ. ಆಟ ಬಿಟ್ಟುಕೊಟ್ಟ ಭಾಗವನ್ನು ಅವಳ ಪಾಠ ತುಂಬಿಕೊಡುತ್ತದೆ.

ಶ್ರುತಿಯ ವಿಷಯದಲ್ಲಿ ಮಾತ್ರ ನಾನು ಗುರುಗಳ ಪಕ್ಷ. ಸೋನಿಯ ‘ಸಿಂಗ್‌ಸ್ಟಾರ್’ (2004) ಹಾಡುವ ಆಟಗಳಲ್ಲಿ ಹೆಸರುವಾಸಿ. ಭಾರತಕ್ಕಾಗಿ ಹಿಂದಿ ಚಿತ್ರಗೀತೆಗಳ ಆವೃತ್ತಿಯೂ ಬಂದಿತ್ತು. ಮೈಕ್‌ನಲ್ಲಿ ಹಾಡಿದ ದನಿಯ ಶ್ರುತಿಯನ್ನು ಅದು ಅಳೆದು, ಪರದೆಯ ಮೇಲಿನ ಅಡ್ಡಪಟ್ಟಿಗಳಿಗೆ ಹೋಲಿಸುತ್ತದೆ. ಪದಗಳು ತಪ್ಪಾದರೂ ಅದಕ್ಕೆ ಚಿಂತೆಯಿಲ್ಲ, ಬಾಯಿ ಮುಚ್ಚಿ ಗುನುಗಿದರೂ ಅಂಕ ಬರುತ್ತದೆ, ಕೆಳಗಿನ ಮಂದ್ರಸ್ಥಾಯಿಯಲ್ಲಿ ಹಾಡಬೇಕಾದ್ದನ್ನು ಮೇಲಿನ ತಾರಸ್ಥಾಯಿಯಲ್ಲಿ ಹಾಡಿದರೂ ಒಪ್ಪಿಕೊಳ್ಳುತ್ತದೆ. ಈ ಅಡ್ಡಪಟ್ಟಿಯ ಕಲ್ಪನೆಯಲ್ಲೇ ಒಂದು ಉಚ್ಚಾರಕ್ಕೆ ಒಂದು ನಿಂತ ಸ್ವರ ಎಂಬ ನಂಬಿಕೆಯಿದೆ. ತೋಡಿ ರಾಗದ ಗಾಂಧಾರ ಹಾಗೆ ನಿಲ್ಲುವ ಸ್ವರವಲ್ಲ. ಅದರ ತೂಗಾಟವೇ ಅದರ ಸ್ವರೂಪ. ಅಂಥ ಗಮಕವನ್ನು ಸರಿಯಾಗಿ ಹಾಡಿದವಳನ್ನು ಈ ಯಂತ್ರ ಶ್ರುತಿ ತಪ್ಪಿದವಳೆಂದು ಎಣಿಸಬಹುದು, ಗಮಕವಿಲ್ಲದೆ ಬರಿದಾಗಿ ಹಾಡಿದವಳಿಗೆ ಪೂರ್ತಿ ಅಂಕ ಕೊಡಬಹುದು. ಕರ್ನಾಟಕ ಸಂಗೀತ ಕಲಿಯುವ ಎಳೆಯ ಕಂಠಕ್ಕೆ ಇಂಥ ಆಟ ವಿನೋದವಾಗಿರಲಿ. ಅದರ ಅಂಕವನ್ನು ಸಾಧನೆಯ ಅಳತೆಯೆಂದು ಮನೆಯಲ್ಲಿ ಯಾರೂ ಕೊಂಡಾಡದಿರಲಿ.

ಲಯ ಕೆಡುತ್ತಿದೆ ಎಂದು ಅನಿಸಿದಾಗ ಎಷ್ಟೋ ಸಲ ತಪ್ಪು ಆಟದ್ದೂ ಅಲ್ಲ, ಮಗುವಿನದ್ದೂ ಅಲ್ಲ, ಸಾಧನದ್ದಾಗಿರುತ್ತದೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ಶಬ್ದ ಕಿವಿಗೆ ಮುಟ್ಟುವುದು ನೂರು, ಇನ್ನೂರು ಮಿಲಿಸೆಕೆಂಡು ತಡವಾಗುವುದು ಸಾಮಾನ್ಯ. ಹೊಸ ಟಿವಿಗಳು ಚಿತ್ರವನ್ನು ಸಂಸ್ಕರಿಸಿ ತೋರಿಸುವಾಗಲೂ ವಿಳಂಬವಾಗುತ್ತದೆ. ಹೀಗೆ ಚಿತ್ರಕ್ಕೂ ಶಬ್ದಕ್ಕೂ ತಾಳೆ ತಪ್ಪಿದಾಗ, ಅಂಕ ಬೇಕೆನ್ನುವ ಮಗು ಕೇಳುವುದನ್ನು ಬಿಟ್ಟು ನೋಡಲು ಕಲಿಯುತ್ತದೆ. ಧ್ವನಿ ಆರಿಸಿದರೂ ಅಂಕ ಇಳಿಯದ ಮಕ್ಕಳಲ್ಲಿ ನಾನು ಮೊದಲು ಸಂಶಯಿಸುವುದು ಇದನ್ನೇ. ತಂತಿಯಿರುವ ಇಯರ್‌ಫೋನ್ ಬಳಸಿ. ಟಿವಿಯಲ್ಲಿ ಗೇಮ್ ಮೋಡ್ ಎಂಬ ಆಯ್ಕೆಯಿದ್ದರೆ ಹಾಕಿ. ಎಷ್ಟೋ ಆಟಗಳ ಸೆಟ್ಟಿಂಗ್ಸ್‌ನಲ್ಲಿ ಚಿತ್ರ, ಶಬ್ದಗಳ ತಾಳೆ ಸರಿಪಡಿಸುವ ಕ್ಯಾಲಿಬ್ರೇಷನ್ ಎಂಬುದು ಇರುತ್ತದೆ, ಸಾಧನ ಬದಲಾದಾಗಲೆಲ್ಲ ಅದನ್ನು ಹೊಸದಾಗಿ ಮಾಡಿ. 2008ರ ‘ರಾಕ್ ಬ್ಯಾಂಡ್ 2’ರ ಗಿಟಾರ್‌ನಲ್ಲಿ ಈ ಕೆಲಸಕ್ಕೆಂದೇ ಒಂದು ಬೆಳಕಿನ ಸಂವೇದಕವನ್ನೂ ಪುಟ್ಟ ಮೈಕನ್ನೂ ಅಳವಡಿಸಿದ್ದರು ಎಂದರೆ ಇದರ ಮಹತ್ವ ನಿಮಗೆ ತಿಳಿದೀತು. ಟಿವಿಯಿಂದ ದೂರ ಕುಳಿತರೆ ತಡವಾಗುತ್ತದೆ ಎಂಬ ಚಿಂತೆ ಬೇಡ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಸಾಕು.

ಕೊನೆಯದಾಗಿ, ಅವಳಿಗೆ ಆಸಕ್ತಿ ಉಳಿದಿದ್ದರೆ ಆಡುವುದರಿಂದ ಚಾರ್ಟ್ ಕಟ್ಟುವುದಕ್ಕೆ ದಾಟಿಸಿ. 2007ರಲ್ಲಿ ಆರಂಭವಾದ ‘ಓಸು’ ಎಂಬ ಉಚಿತ ಕಂಪ್ಯೂಟರ್ ಆಟದಲ್ಲಿ ಚಾರ್ಟ್‌ಗಳನ್ನು ಕಟ್ಟುವವರು ಆಟಗಾರರೇ. ಅದಕ್ಕೆ ಬೇಕಾದ ಎಡಿಟರ್ ತಂತ್ರಾಂಶ ಆಟದೊಳಗೇ ಇದೆ. ಚಾರ್ಟ್ ಕಟ್ಟಬೇಕಾದರೆ ಮೊದಲು ಹಾಡಿನ ವೇಗವನ್ನು ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ಗುರುತಿಸಿ, ಮೊದಲ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಕೊಡಬೇಕು. ಸಮನಾದ ಪೆಟ್ಟು ಕೇಳಿಸುವ ಮೆಟ್ರೊನೋಮ್ ಇಟ್ಟು ಮುದ್ರಿಸಿದ ಇಂದಿನ ಹಾಡಿಗೆ ಒಂದೇ ಅಂಕಿ ಕೊನೆಯವರೆಗೂ ಹೊಂದುತ್ತದೆ. ಅವಳಿಗೆ ಪ್ರಿಯವಾದ ಒಂದು ಹಳೆಯ ಭಾವಗೀತೆಯನ್ನು ಎತ್ತಿಕೊಂಡರೆ, ತಬಲಾ ವಾದಕರ ಕೈಯಲ್ಲಿ ಕಾಲ ಚೂರುಚೂರೇ ಸರಿಯುವುದರಿಂದ, ಪಲ್ಲವಿಗೆ ಕೂಡಿದ ಅಂಕಿ ಚರಣಕ್ಕೆ ಕೂಡದಿರಬಹುದು. ಆಗ ವೇಗ ಬದಲಾದ ಜಾಗವನ್ನು ಕಿವಿಯಿಂದಲೇ ಹುಡುಕಿ ಅಲ್ಲಿ ಹೊಸ ಅಂಕಿಯನ್ನು ನಮೂದಿಸಬೇಕು. ಒಂದು ಹಾಡಿಗೆ ಹೀಗೆ ಕುಳಿತವರು ಅದನ್ನು ಹತ್ತಾರು ಸಲ, ಒಂದೊಂದೇ ಸಾಲಾಗಿ ಕೇಳಬೇಕಾಗುತ್ತದೆ. ಮುಗಿದ ಚಾರ್ಟನ್ನು ಗುರುಗಳಿಗೆ ತೋರಿಸಿ, ಎಲ್ಲಿ ಕಾಲ ಏರಿದೆ ಎಂದು ಅವಳು ಗುರುತಿಸಿದ್ದಾಳೋ ಅಲ್ಲಿ ಅವರ ಕಿವಿಗೂ ಹಾಗೆಯೇ ಅನಿಸುತ್ತದೆಯೇ ಎಂದು ಕೇಳಬಹುದು. ಹಾಡಿನ ಹಕ್ಕು ಬೇರೆಯವರದ್ದಾದ್ದರಿಂದ ಅಂಥ ಚಾರ್ಟನ್ನು ಹಾಡಿನ ಸಮೇತ ಇಂಟರ್ನೆಟ್ಟಿಗೆ ಏರಿಸದೆ ಮನೆಯ ಮಟ್ಟಿಗೆ ಇಟ್ಟುಕೊಳ್ಳುವುದು ಒಳ್ಳೆಯದು.